ಜಾಮೀನು ಸಿಕ್ಕಿತು, ಪಹಣಿ ಸಿಗಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಜೈಲುಗಳಲ್ಲಿ ಕಾಲಿಡಲು ಜಾಗವಿಲ್ಲ, ಹೊಸ ಬ್ಯಾರಕ್ ಕಟ್ಟಬೇಕು ಎಂಬ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ರಾಯಚೂರು ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಕೋರ್ಟಿನ ಎದುರಿಗೇ 22 ವರ್ಷದಿಂದ ಝೆರಾಕ್ಸ್, ಟೈಪಿಂಗ್ ಅಂಗಡಿ ನಡೆಸುತ್ತಿದ್ದೇನೆ. ಜೈಲಿನ ಒಳಗೆ ನಾನು ಕಾಲಿಟ್ಟವಳಲ್ಲ. ಒಳಗಿದ್ದವರು ಯಾಕೆ ಹೊರಗೆ ಬರುತ್ತಿಲ್ಲ ಎಂಬುದು ಮಾತ್ರ ನನ್ನ ಟೇಬಲ್ಲಿನ ಮೇಲೆ ದಿನಾ ಕಾಣುತ್ತದೆ.

ಎರಡು ವರ್ಷದ ಹಿಂದೆ, ಯುಗಾದಿ ಆದ ವಾರಕ್ಕೆ ಒಬ್ಬ ಹೆಣ್ಣುಮಗಳು ಬಂದು, “ಅಕ್ಕಾ, ಒಂದು ಪಹಣಿ ಕೊಡ್ರಿ, ಎಷ್ಟಾಗ್ತದ?” ಎಂದು ಸೆರಗಿನ ಗಂಟು ಬಿಚ್ಚಿದಳು. ಅರ್ಜಿ ಫಾರಂ ಇದ್ದಂತೆ ಪಹಣಿಯೂ ಅಂಗಡಿಯಲ್ಲಿ ಮಾರುವ ಕಾಗದ ಎಂದುಕೊಂಡಿದ್ದಳು. ಊರ ಹೊರಗಿನ ಅಲೆಮಾರಿ ಕಾಲೊನಿಯವಳು. ಅವಳ ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಯಾರ ಹೆಸರಿಗೂ ಒಂದು ಗುಂಟೆ ನೆಲ ಇದ್ದದ್ದಿಲ್ಲ. ಪಂಪ್‌ಸೆಟ್ಟಿನ ಕೇಬಲ್ ಕದ್ದ ಕೇಸಿನಲ್ಲಿ ಗಂಡನನ್ನು ಒಯ್ದಿದ್ದರು. ಕದ್ದನೋ ಇಲ್ಲವೋ ನನಗೆ ಗೊತ್ತಿಲ್ಲ, ಅದನ್ನು ಕೋರ್ಟು ಹೇಳಬೇಕು. ಜಾಮೀನು ಆಗಿತ್ತು. 50 ಸಾವಿರದ ಬಾಂಡ್, ಅಷ್ಟಕ್ಕೇ ಒಬ್ಬ ಜಾಮೀನುದಾರ. ಜಾಮೀನುದಾರ ಅಂದರೆ ಆಧಾರ್ ಜತೆಗೆ ಹೊಲದ ಪಹಣಿ ಇಟ್ಟುಕೊಂಡು ಬರುವವನು.

ಹೊಲ ಇದ್ದವರ ಬಾಗಿಲಿಗೆ ಆಕೆ ಅಲೆದಳು. ಪಹಣಿಯಲ್ಲಿ ಕೋರ್ಟಿನ ಹೆಸರು ಕೂತರೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ ಎಂದು ಒಬ್ಬರು ಹೆದರಿದರು. ಇನ್ನೊಬ್ಬರ ಮನೆಯಲ್ಲಿ ಒಪ್ಪಲಿಲ್ಲ. ಕೊನೆಗೆ ಒಬ್ಬ ಸಾವ್ಕಾರರು ಒಪ್ಪಿದರು. ಬರುವ ಹತ್ತಿ ಬಿಡಿಸುವ ಹಂಗಾಮು ಪೂರ್ತಿ ಗಂಡ–ಹೆಂಡತಿ ಅವರ ಹೊಲಕ್ಕೇ ಬರಬೇಕು, ಅವರು ಕೊಟ್ಟಷ್ಟು ಕೂಲಿ. ಈ ಕರಾರಿಗೆ ಮಾತ್ರ ಯಾರೂ ನನ್ನ ಹತ್ತಿರ ಕಾಗದ ಟೈಪ್ ಮಾಡಿಸಲಿಲ್ಲ. ಗಂಡ ಮನೆಗೆ ಬಂದಾಗ ಕಾರಹುಣ್ಣಿಮೆ. ಕೋರ್ಟು ಬಿಡಿ ಎಂದ ಮೇಲೆ ಎರಡು ತಿಂಗಳಿಗಿಂತ ಹೆಚ್ಚು ಒಳಗೇ ಇದ್ದ.

ಅಷ್ಟರಲ್ಲಿ ಹತ್ತನೇ ತರಗತಿಗೆ ಹೋಗಬೇಕಿದ್ದ ಹುಡುಗ ಮೇಸ್ತ್ರಿಯ ಹಿಂದೆ ಬೆಂಗಳೂರಿಗೆ ಗುಳೆ ಹೋಗಿದ್ದ. ಅವನ ಮೇಲೆ ತಂದ ಮುಂಗಡದ ದುಡ್ಡು ವಕೀಲರ ಫೀಸಿಗೆ ಹೋಯಿತು. ಬಂಧನದಲ್ಲಿರುವ ಯಾರಿಗೇ ಆಗಲಿ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯೇ ಹೇಳುತ್ತದೆ. ಆಕೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ. ಆಗ ನನಗೂ ಗೊತ್ತಿರಲಿಲ್ಲ, ಆ ಕಾಯ್ದೆಯ ಹೆಸರನ್ನು ಎಷ್ಟು ಸಲ ಟೈಪ್ ಮಾಡಿದ್ದೆನೋ!

ಕತೆ ಅಲ್ಲಿಗೆ ಮುಗಿಯಲಿಲ್ಲ. ಮಗನ ಮುಂಗಡ ತೀರಿಸಲು ಅಪ್ಪನೂ ಬೆಂಗಳೂರಿಗೆ ಹೋದ, ಒಂದು ತಾರೀಖಿಗೆ ಬರಲು ಆಗಲಿಲ್ಲ. ವಾರಂಟ್ ಹೊರಟಿತು, ಸಾವ್ಕಾರರಿಗೆ ನೋಟಿಸು ಹೋಯಿತು. ಈಗ ಆ ಕಾಲೊನಿಯ ಯಾವ ಮನೆಯವರಿಗೂ ಊರಿನಲ್ಲಿ ಜಾಮೀನು ನಿಲ್ಲುವವರಿಲ್ಲ. ತಾರೀಖು ತಪ್ಪಿಸಿದವನು ಒಬ್ಬ, ನಂಬಿಕೆ ಕಳೆದುಕೊಂಡದ್ದು ನಲವತ್ತು ಮನೆ. ಮೋಟರ್ ಕಳವಾದರೆ ಪೊಲೀಸ್ ಜೀಪು ಮೊದಲು ತಿರುಗುವುದೂ ಅತ್ತಲೇ. 1871ರಲ್ಲಿ ಬ್ರಿಟಿಷರು ಕೆಲವು ಜಾತಿಗಳನ್ನೇ ಹುಟ್ಟು ಅಪರಾಧಿಗಳೆಂದು ಬರೆದಿಟ್ಟ ಕಾಯ್ದೆ 1952ರಲ್ಲಿ ರದ್ದಾಯಿತು. ಆ ಜೀಪಿನ ಚಾಲಕರಿಗೆ ದಾರಿ ಇನ್ನೂ ಮರೆತಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರು. ಅದರಲ್ಲಿ 4,34,302 ಮಂದಿ ವಿಚಾರಣಾಧೀನರು, ಅಂದರೆ ನಾಲ್ವರಲ್ಲಿ ಮೂವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ವಿಚಾರಣಾಧೀನರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರು. ನಮ್ಮ ಕಡೆ ಹೊಲ ಯಾರ ಹೆಸರಿನಲ್ಲಿದೆ, ಯಾರ ಹೆಸರಿನಲ್ಲಿಲ್ಲ ಎಂದು ತಿಳಿದವರಿಗೆ ಈ ಲೆಕ್ಕ ಆಶ್ಚರ್ಯ ತರುವುದಿಲ್ಲ.

ಚಹಾ ಕುಡಿಯಲು ನಮ್ಮ ಅಂಗಡಿಯ ಬೆಂಚಿಗೆ ಬರುವ ಹಿರಿಯ ವಕೀಲರೊಬ್ಬರು 1978ರ ಒಂದು ತೀರ್ಪು ಹೇಳುತ್ತಿರುತ್ತಾರೆ. ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ 10 ಸಾವಿರದ ಶ್ಯೂರಿಟಿ, ಅಂದರೆ ಜಾಮೀನುದಾರನನ್ನು, ಕೇಳಿದ್ದರಂತೆ. ಒಡಹುಟ್ಟಿದವನು ಜಾಮೀನು ನಿಲ್ಲುತ್ತಾನೆ ಎಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅದನ್ನೂ ತಳ್ಳಿದರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವನನ್ನು ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಿಸಿದರು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮತ್ತೆ ಹೇಳಿದೆ: ಜಾಮೀನಾಗಿ ಏಳು ದಿನದಲ್ಲಿ ಕೈದಿ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂದು ಹಟ ಹಿಡಿಯುವುದರಿಂದಲೂ ಬಿಡುಗಡೆ ತಡವಾಗುತ್ತದೆ ಎಂದು ಆ ಆದೇಶದಲ್ಲೇ ಇದೆ.

ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆಯನ್ನೂ ತಂದಿತು. ಆಗ ವಿಚಾರಣಾಧೀನರಿಗೆ 40 ಸಾವಿರ ರೂಪಾಯಿ ತನಕ ಎಂದಿತ್ತು. ಒಳ್ಳೆಯದೇ. ಆದರೆ ನನ್ನ ಅಂಗಡಿಗೆ ಬರುವವರನ್ನು ಕೋರ್ಟು ಕೇಳುವುದು ದುಡ್ಡಲ್ಲ, ಪಹಣಿ. ಹೊಲ ಇರುವ ನೆಂಟನನ್ನು ಯಾವ ಯೋಜನೆ ಕೊಡುತ್ತದೆ? ಗುಡಿಸಲಿನಲ್ಲಿದ್ದರೂ ಇಪ್ಪತ್ತು ವರ್ಷದಿಂದ ಒಂದೇ ಕಡೆ ಇದ್ದಾನೆ, ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ ಎಂಬುದು ಓಡಿಹೋಗುವುದಿಲ್ಲ ಎನ್ನಲು ಸಾಲದೆ? ಹೊಲ ಇದ್ದವರು ಓಡಿಹೋದದ್ದನ್ನೂ ನಾನು ಕಂಡಿದ್ದೇನೆ.

ಒಂದು ಜಾಮೀನಿನ ಫೈಲಿಗೆ ನನಗೂ ನೂರೈವತ್ತು ರೂಪಾಯಿಯ ವ್ಯಾಪಾರ ಆಗುತ್ತದೆ. ಈ ಪತ್ರ ನನ್ನ ಹೊಟ್ಟೆಯ ಮೇಲೇ ಬರೆದದ್ದು ಎಂದು ಮಗ ನಗುತ್ತಾನೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. 2023ರ ಆ ಆದೇಶದಲ್ಲಿ ಏನಿದೆ ಎಂಬುದನ್ನು, ಪುಕ್ಕಟೆ ವಕೀಲರಿಗಾಗಿ ಕರೆ ಮಾಡುವ 15100 ನಂಬರನ್ನು ನಿಮ್ಮ ಜಿಲ್ಲಾ ಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿರಿ. ಓದಲು ಬಾರದವರಿಗೆ ಓದಿ ಹೇಳುವ ಕೆಲಸ ನನ್ನದು. ಕತ್ತರಿಸಿ ಅಂಗಡಿಯ ಗೋಡೆಗೆ ಅಂಟಿಸುತ್ತೇನೆ, ಕೇಳಿದವರಿಗೆ ಝೆರಾಕ್ಸ್ ಮಾಡಿ ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

– ಝೆರಾಕ್ಸ್ ಅಂಗಡಿಯವಳು, ರಾಯಚೂರು ಜಿಲ್ಲೆ
(ದಿನಾ ಅದೇ ಗೇಟಿನ ಮುಂದೆ ಕೂರಬೇಕು, ಹೆಸರು ಹಾಕಬೇಡಿ)