ಪುಸ್ತಕ ಮುಚ್ಚಿಟ್ಟು ಇತಿಹಾಸ ಓದುವುದನ್ನು ಕಲಿಸೋಣ

ಸಂಪಾದಕರಿಗೆ,

ಮಾನ್ಯರೇ,

ದ್ವಿತೀಯ ಪಿಯುಸಿ ವಾರ್ಷಿಕ ಪರೀಕ್ಷೆ ಹತ್ತಿರವಾದಂತೆ ಪತ್ರಿಕೆಗಳ ಶಿಕ್ಷಣ ಪುಟಗಳಲ್ಲಿ ಇತಿಹಾಸದ ಮಾದರಿ ಪ್ರಶ್ನೆಗಳೂ ಅವುಗಳ ಕೆಳಗೇ ಸಿದ್ಧ ಉತ್ತರಗಳೂ ಪ್ರಕಟವಾಗುತ್ತವೆ. ಗೈಡು, ಟ್ಯೂಷನ್ ಎರಡೂ ಕೈಗೆಟುಕದ ಮಕ್ಕಳಿಗೆ ಇದರಿಂದ ಆಗುವ ಉಪಕಾರ ದೊಡ್ಡದು. ಆದರೆ ಹಲವು ವರ್ಷ ಇತಿಹಾಸ ಪಾಠ ಹೇಳಿ, ಮೌಲ್ಯಮಾಪನ ಕೇಂದ್ರಗಳಲ್ಲಿ ಉತ್ತರ ಪತ್ರಿಕೆಗಳನ್ನು ತಿದ್ದಿದ ಅನುಭವದಿಂದ ಒಂದು ಮಾತು ಹೇಳಬೇಕೆನಿಸಿದೆ. ನಮ್ಮ ವಿದ್ಯಾರ್ಥಿಗಳು ಓದುವುದರಲ್ಲಿ ಹಿಂದೆ ಬಿದ್ದಿಲ್ಲ; ಓದಿದ್ದನ್ನು ಪುಸ್ತಕ ನೋಡದೆ ನೆನಪಿಗೆ ತಂದುಕೊಳ್ಳುವ ರೂಢಿಯನ್ನು ಅವರಿಗೆ ಯಾರೂ ಮಾಡಿಸಿಲ್ಲ.

ಉತ್ತರ ಪತ್ರಿಕೆ ತಿದ್ದುವವರಿಗೆ ಇದು ಕೂಡಲೇ ಗೊತ್ತಾಗುತ್ತದೆ. ಹತ್ತು ಅಂಕದ ಪ್ರಶ್ನೆಗೆ ಮೊದಲ ಅರ್ಧ ಪುಟ ಗೈಡಿನ ವಾಕ್ಯಗಳಲ್ಲೇ ಸರಾಗವಾಗಿ ಸಾಗಿ, ನಡುವೆ ಒಂದು ವಾಕ್ಯ ಮರೆತ ಕೂಡಲೇ ಇಡೀ ಉತ್ತರ ಅಲ್ಲಿಗೇ ನಿಂತುಬಿಡುತ್ತದೆ. ಇಲ್ಲವಾದರೆ ಮಂಗಳೂರು ಒಪ್ಪಂದದ ಕೆಳಗೆ ಶ್ರೀರಂಗಪಟ್ಟಣ ಒಪ್ಪಂದದ ಷರತ್ತುಗಳು ಬಂದು ಕೂಡುತ್ತವೆ. ಆ ಹುಡುಗನೋ ಹುಡುಗಿಯೋ ರಾತ್ರಿಯೆಲ್ಲ ಓದಿರುವುದು ಖಂಡಿತ. ಒಂದೇ ಪುಟವನ್ನು ನಾಲ್ಕು ಸಲ ಓದಿ, ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದಾಗ ಅಕ್ಷರಗಳು ಪರಿಚಿತವೆನಿಸುತ್ತವೆ, ಆ ಪರಿಚಯವನ್ನೇ ಮಕ್ಕಳು ತಿಳಿವಳಿಕೆಯೆಂದು ನಂಬುತ್ತಾರೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನೇ ತೋರಿಸಿವೆ. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಪಾಠವನ್ನು ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ, ಓದಿದ್ದನ್ನು ನೋಡದೆ ಬರೆದು ಅಭ್ಯಾಸ ಮಾಡಿದವರು ಅವರನ್ನು ಹಿಂದೆ ಹಾಕಿದ್ದರು.

ಇತಿಹಾಸದಲ್ಲಿ ಹೀಗೆ ನೆನಪಿಸಿಕೊಳ್ಳುವುದು ಹೇಗೆ? ಆಂಗ್ಲೋ-ಮೈಸೂರು ಯುದ್ಧಗಳನ್ನೇ ತೆಗೆದುಕೊಳ್ಳಿ. ನಾಲ್ಕು ಯುದ್ಧ, ಮೂರು ಒಪ್ಪಂದ, ಏಳೆಂಟು ಇಸವಿ ಎಂದು ಉರು ಹೊಡೆದರೆ ಒಂದಕ್ಕೊಂದು ಕಲಸಿಹೋಗುವುದು ಸಹಜ. ಬದಲಾಗಿ ಖಾಲಿ ಹಾಳೆಯ ತಲೆಗೆ 1769, ಬುಡಕ್ಕೆ 1799 ಎಂದು ಬರೆದು, ನಡುವಿನದನ್ನು ‘ಏಕೆ’ ಎಂದು ಕೇಳಿಕೊಳ್ಳುತ್ತಾ ತುಂಬಬೇಕು. 1769ರಲ್ಲಿ ಹೈದರ್ ಅಲಿ ಮದರಾಸಿನ ಹೊರವಲಯದವರೆಗೆ ನುಗ್ಗಿದ್ದರಿಂದ ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಒಪ್ಪಂದಕ್ಕೆ ಬಂತು, ಬೇರೆಯವರು ದಾಳಿ ಮಾಡಿದರೆ ನೆರವಾಗುವುದಾಗಿ ಮಾತು ಕೊಟ್ಟಿತು. ಮರಾಠರು ಮೈಸೂರಿನ ಮೇಲೆ ಬಿದ್ದಾಗ ಆ ನೆರವು ಬರಲಿಲ್ಲ. 1779ರಲ್ಲಿ ಬ್ರಿಟಿಷರು, ಹೈದರನಿಗೆ ಯುದ್ಧ ಸಾಮಗ್ರಿ ಬರುತ್ತಿದ್ದ ಫ್ರೆಂಚರ ಬಂದರು ಮಾಹೆಯನ್ನು ಹಿಡಿದರು. ಈ ಎರಡು ಕಾರಣಗಳಿಂದ 1780ರಲ್ಲಿ ಎರಡನೆಯ ಯುದ್ಧ ಆರಂಭವಾಯಿತು. ಯುದ್ಧದ ನಡುವೆ 1782ರಲ್ಲಿ ಹೈದರ್ ತೀರಿಕೊಂಡ, 1784ರ ಮಂಗಳೂರು ಒಪ್ಪಂದದಲ್ಲಿ ಎರಡೂ ಕಡೆಯವರು ಗೆದ್ದ ಪ್ರದೇಶಗಳನ್ನು ಹಿಂತಿರುಗಿಸಿದರು. 1789ರ ಕೊನೆಯಲ್ಲಿ ಹೈದರನ ಮಗ ಟಿಪ್ಪು, ಕಂಪನಿಯ ಮಿತ್ರ ರಾಜ್ಯವಾಗಿದ್ದ ತಿರುವಾಂಕೂರಿನ ಮೇಲೆ ದಾಳಿ ಮಾಡಿದ್ದು ಮೂರನೆಯ ಯುದ್ಧಕ್ಕೆ ದಾರಿಯಾಯಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. ಹೀಗೆ ಒಂದು ಕಾರಣದ ಬೆನ್ನಿಗೆ ಇನ್ನೊಂದನ್ನು ಹೇಳಿಕೊಂಡು ಬಂದವರಿಗೆ ಮಂಗಳೂರಿನ ಷರತ್ತು ಶ್ರೀರಂಗಪಟ್ಟಣಕ್ಕೆ ಬೆರೆಯುವ ಪ್ರಮೇಯವೇ ಬರುವುದಿಲ್ಲ. ಬರೆದು ಮುಗಿಸಿದ ಮೇಲಷ್ಟೇ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಬೇಕು. ಮುಂದಿನ ವಾರ ಓದಬೇಕಾದದ್ದು ಆ ಕೆಂಪು ಸಾಲುಗಳನ್ನು ಮಾತ್ರ.

ನಕಾಶೆಯನ್ನು ನಮ್ಮಲ್ಲಿ ಅಂಕ ಗಿಟ್ಟಿಸುವ ಪ್ರತ್ಯೇಕ ಪ್ರಶ್ನೆಯೆಂದು ಕಡೆಯ ವಾರಕ್ಕೆ ಮುಂದೂಡುತ್ತಾರೆ. ಇದು ನನಗೆ ತುಂಬಾ ಬೇಸರದ ಸಂಗತಿ. 1792ರಲ್ಲಿ ಮೈಸೂರು ಕಳೆದುಕೊಂಡ ಪ್ರದೇಶಗಳಲ್ಲಿ ಮಲಬಾರು, ಕೊಡಗು, ಬಾರಾಮಹಲು (ಇಂದಿನ ತಮಿಳುನಾಡಿನ ಕೃಷ್ಣಗಿರಿ, ಧರ್ಮಪುರಿಯ ಸೀಮೆ) ಇವುಗಳನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ಗುರುತಿಸಿದರೆ, ರಾಜ್ಯದ ಪಶ್ಚಿಮ ಮತ್ತು ಪೂರ್ವದ ಬಾಗಿಲುಗಳೆರಡೂ ತೆರೆದುಕೊಂಡದ್ದು ಅವನಿಗೇ ಕಾಣುತ್ತದೆ. 1799ರ ನಾಲ್ಕನೆಯ ಯುದ್ಧದಲ್ಲಿ ಕಂಪನಿಯ ಮದರಾಸಿನ ಸೇನೆ ಪೂರ್ವದಿಂದಲೂ ಮುಂಬಯಿ ಸೇನೆ ಕೊಡಗಿನ ಮಾರ್ಗವಾಗಿಯೂ ಶ್ರೀರಂಗಪಟ್ಟಣಕ್ಕೆ ಬಂದದ್ದನ್ನು ಆಮೇಲೆ ಬಾಯಿಪಾಠ ಮಾಡಬೇಕಾಗಿಲ್ಲ. ಪಾಠ ಯಾವುದೇ ಇರಲಿ, ಬಾದಾಮಿ ಚಾಲುಕ್ಯರಾಗಲಿ ಏಕೀಕರಣವಾಗಲಿ, ನಕಾಶೆ ಪಕ್ಕದಲ್ಲಿರಬೇಕು.

ವೇಳಾಪಟ್ಟಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಓದಿದ ಪಾಠವನ್ನು ಮರುದಿನ, ಆಮೇಲೆ ವಾರಕ್ಕೆ, ಆಮೇಲೆ ತಿಂಗಳಿಗೆ ಹೀಗೆ ಖಾಲಿ ಹಾಳೆಯಲ್ಲಿ ಬರೆದುಕೊಂಡರೆ ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಡಬೇಕಾಗುವುದಿಲ್ಲ. ಇಬ್ಬರು ಗೆಳೆಯರು ಸೇರಿ, ಒಬ್ಬರು ಹೇಳುತ್ತಾ ಇನ್ನೊಬ್ಬರು ‘ಯಾಕೆ’ ಎಂದು ಅಡ್ಡ ಪ್ರಶ್ನೆ ಹಾಕುತ್ತಾ ಓದಿದರೆ ಇನ್ನೂ ಒಳ್ಳೆಯದು. ಕಾಲೇಜುಗಳಲ್ಲಿ ಪುನರಾವರ್ತನೆಯ ಹೆಸರಿನಲ್ಲಿ ಕೊನೆಯ ತಿಂಗಳೆಲ್ಲ ನೋಟ್ಸ್ ಬರೆಸುವ ಬದಲು, ಪ್ರತಿ ತರಗತಿಯ ಮೊದಲ ಹತ್ತು ನಿಮಿಷ ಹಿಂದಿನ ಪಾಠವನ್ನು ಪುಸ್ತಕ ಮುಚ್ಚಿಸಿ ಬರೆಸುವುದು ಯಾವ ಖರ್ಚೂ ಇಲ್ಲದ ಕೆಲಸ. ನನ್ನ ಸಹೋದ್ಯೋಗಿ ಉಪನ್ಯಾಸಕರು ಇದನ್ನು ಜೂನ್‌ನಿಂದಲೇ ಆರಂಭಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ತಮ್ಮ ಪತ್ರಿಕೆಯಲ್ಲಿಯೂ ಒಂದು ವಿನಂತಿ. ಮಾದರಿ ಪ್ರಶ್ನೆಗಳನ್ನು ಒಂದು ಸೋಮವಾರ ಪ್ರಕಟಿಸಿದರೆ, ಉತ್ತರಗಳನ್ನು ಮುಂದಿನ ಸೋಮವಾರಕ್ಕೆ ಉಳಿಸಿಕೊಳ್ಳಿ. ಜೊತೆಗೆ ಹೆಸರುಗಳಿಲ್ಲದ ಒಂದು ಭಾರತದ ನಕಾಶೆಯನ್ನು, ಮಕ್ಕಳು ಕತ್ತರಿಸಿಟ್ಟುಕೊಂಡು ತುಂಬುವಷ್ಟು ದೊಡ್ಡದಾಗಿ ಅಚ್ಚು ಹಾಕಿಸಿ.

ಇತಿ,
ನಿವೃತ್ತ ಇತಿಹಾಸ ಉಪನ್ಯಾಸಕ, ಚಿತ್ರದುರ್ಗ