ಗಾರೆ ಕಲಸೋಕೆ ಬೇಸರ ಯಾಕೆ?

ಚಿರಂಜೀವಿ ಪುಟ್ಟಿಗೆ ಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಕಾಗದವನ್ನು ನಿಮ್ಮಮ್ಮ ಓದಿ ಹೇಳಿದಳು. ಕಲ್ಲು ಕೆತ್ತುವುದು ಕಲಿಯಲು ಇಂಗ್ಲೆಂಡಿನ ನಾರ್ವಿಚ್‌ಗೆ ಹೋದವಳಿಗೆ ಎರಡು ತಿಂಗಳಿಂದ ಬರೀ ಸುಣ್ಣದ ಗಾರೆ ಕಲಸುವ ಕೆಲಸ, ಉಳಿ ಮುಟ್ಟಲೂ ಬಿಟ್ಟಿಲ್ಲ ಅಂತ ಬೇಸರ, ಅಲ್ವಾ?

ಆ ಊರಿನ ಕೆಥೆಡ್ರಲ್, ಅಂದರೆ ಬಿಷಪ್ಪರ ದೊಡ್ಡ ಚರ್ಚಿನ ಗೋಡೆಯ ಹತ್ತಿರ ಒಮ್ಮೆ ನಿಂತು ನೋಡು. ಬಿಷಪ್ ಹರ್ಬರ್ಟ್ ಡಿ ಲೊಸಿಂಗ 1096ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ಆ ಸೀಮೆಯಲ್ಲಿ ಸಿಗುವುದು ಚಕಮಕಿ ಕಲ್ಲು. ಗಟ್ಟಿಯೇನೋ ಹೌದು, ಆದರೆ ಮೂಲೆಗೆ, ಕಮಾನಿಗೆ ಚೌಕವಾಗಿ ಕೂರುವ ಜಾತಿಯದಲ್ಲ. ಅದಕ್ಕೇ ಫ್ರಾನ್ಸಿನ ನಾರ್ಮಂಡಿಯ ಕಾನ್ ಊರಿನಿಂದ ಸುಣ್ಣದಕಲ್ಲು ತರಿಸಿದರು. 1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ನರಿಗೆ ಅದು ತಮ್ಮ ಸೀಮೆಯ, ಕೈಗೆ ಪಳಗಿದ ಕಲ್ಲು. ಬೆಣ್ಣೆ ಬಣ್ಣ, ನುಣುಪು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಣಗಿದಂತೆ ಗಟ್ಟಿಯಾಗುತ್ತದೆ.

ಹಡಗಿನಲ್ಲಿ ಸಮುದ್ರ ದಾಟಿ ಇಂಗ್ಲೆಂಡಿನ ಬಂದರು ಯಾರ್ಮತ್‌ಗೆ, ಅಲ್ಲಿಂದ ಚಿಕ್ಕ ದೋಣಿಗಳಲ್ಲಿ ನದಿಯ ಮೇಲೆ ನಾರ್ವಿಚ್‌ಗೆ. ಸಾಲದು ಅಂತ ವೆನ್ಸಮ್ ನದಿಯಿಂದ ಕಟ್ಟಡದ ಹತ್ತಿರಕ್ಕೇ ಕಾಲುವೆ ತೋಡಿದರು! ಪುಲ್ಸ್ ಫೆರಿ ಅಂತ ನದಿ ದಂಡೆಯಲ್ಲಿ ಕಮಾನಿನ ಬಾಗಿಲಿದೆಯಲ್ಲ, ಅದನ್ನು 15ನೇ ಶತಮಾನದಲ್ಲಿ ಆ ಕಾಲುವೆಯ ಬಾಯಿಗೇ ಕಟ್ಟಿದ್ದು. ಕಲ್ಲಿನ ಬೆಲೆಗಿಂತ ಸಾಗಣೆಯ ಖರ್ಚೇ ಜಾಸ್ತಿ ಆಗುತ್ತಿತ್ತು. ಅಷ್ಟು ದುಬಾರಿ ಕಲ್ಲನ್ನು ಗೋಡೆ ತುಂಬಾ ಸುರಿಯಲು ಯಾರಿಂದಾಗುತ್ತದೆ? ಹೊರಮೈಗಷ್ಟೇ ಕಾನ್ ಕಲ್ಲು. ಗೋಡೆಯ ಹೊಟ್ಟೆಯಲ್ಲಿರುವುದು ಅದೇ ಚಕಮಕಿ ಚೂರು, ಮತ್ತೆ ನೀನು ಬೈಯುತ್ತಿರುವ ಗಾರೆ.

ನನ್ನ ಪೆದ್ದುತನ ಕೇಳು. ಚಿಕ್ಕ ವಯಸ್ಸಿನಲ್ಲಿ, ಗಟ್ಟಿ ಇರಲಿ ಅಂತ ನಮ್ಮ ಹಳೆ ಮನೆಯ ಗಾರೆ ಗೋಡೆಗೆ ಸಿಮೆಂಟು ಮೆತ್ತಿಸಿದೆ. ನಾಲ್ಕು ಮಳೆಗಾಲ ಕಳೆಯುವುದರಲ್ಲಿ ಸಿಮೆಂಟು ಹಾಗೇ ಇತ್ತು, ಒಳಗಿನ ಇಟ್ಟಿಗೆ ಪುಡಿಪುಡಿ. ನೀರು ಹೊರಗೆ ಬರಲು ದಾರಿ ಇರಲಿಲ್ಲ. ಸುಣ್ಣದಕಲ್ಲಿನ ಪಾಡೂ ಅಷ್ಟೇ ಕಣಮ್ಮ. ಕಲ್ಲಿಗಿಂತ ಸಂದಿನ ಗಾರೆ ಗಟ್ಟಿಯಾದರೆ ಸಾಯುವುದು ಕಲ್ಲು. ಗಾರೆ ಸವೆದರೆ ಮತ್ತೆ ತುಂಬಬಹುದು.

ಉಳಿ ಕೈಗೆ ಬಂದಾಗ ಮೊದಲು ಕಲ್ಲಿನ ಪದರ ನೋಡು. ಗಣಿಯಲ್ಲಿ ಹೇಗೆ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಿಸಬೇಕು. ಪದರವನ್ನು ಹೊರಮುಖ ಮಾಡಿ ನಿಲ್ಲಿಸಿದರೆ ಹಪ್ಪಳದ ಹಾಗೆ ಏಳುತ್ತದೆ.

ಇನ್ನೊಂದು. ಸಾರ್ವೆ ಮೇಲೆ ಹುಷಾರು. 1174ರಲ್ಲಿ ಕ್ಯಾಂಟರ್ಬರಿ ಕೆಥೆಡ್ರಲ್ ಸುಟ್ಟ ಮೇಲೆ ಫ್ರಾನ್ಸಿನಿಂದ ಸಾನ್ಸ್ ಊರಿನ ಮೇಸ್ತ್ರಿ ವಿಲಿಯಂ ಅದನ್ನು ಮತ್ತೆ ಕಟ್ಟಲು ಬಂದ. ಹಡಗಿನಿಂದ ಕಲ್ಲು ಇಳಿಸಲು ಯಂತ್ರ ಮಾಡಿದ, ಕೆತ್ತುವವರಿಗೆ ಅಚ್ಚು ಕತ್ತರಿಸಿ ಕೊಟ್ಟ. ಎಂಥ ಬುದ್ಧಿವಂತ! 1178ರಲ್ಲಿ ಅವನೇ ಸುಮಾರು 50 ಅಡಿ ಮೇಲಿಂದ ಬಿದ್ದ. ಹಾಸಿಗೆಯ ಮೇಲಿಂದಲೇ ಸ್ವಲ್ಪ ದಿನ ಕೆಲಸ ಹೇಳಿ, ಆಗದೆ ಊರಿಗೆ ಹೊರಟುಹೋದ. ನೀನು ಬೆಲ್ಟು ಹಾಕದೆ ಹತ್ತಬೇಡ. ಸುಣ್ಣ ಕಲಸುವಾಗ ಕನ್ನಡಕ, ಕೈಗವಸು ಇರಲಿ.

ಮುಂದಿನ ಕಾಗದದಲ್ಲಿ ಗಾರೆಗೆ ಎಂಥ ಮರಳು, ಎಷ್ಟಕ್ಕೆ ಎಷ್ಟು ಸುಣ್ಣ ಅಂತ ಬರಿ. ನಮ್ಮ ಹಿತ್ತಲ ಗೋಡೆ ಇನ್ನೂ ಹಾಗೇ ಬಿದ್ದಿದೆ.

ನಿನ್ನ ಮಾವ