ಬದು ಸರಿಸಿದಾಗ ಬೆಳೆದ ಗದ್ದೆ

ಗಂಗಾವತಿ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ಪಂಚಮಿಗೆ ಬಂದವನು ಇಲ್ಲಿಯೇ ಮರೆತು ಹೋದ ಗಣಿತದ ನೋಟುಬುಕ್ಕನ್ನು ನಿನ್ನೆ ತೆರೆದು ನೋಡಿದೆ. ‘ಎಕ್ಸ್ ಗುಣಿಲೆ ಇ ಘಾತ ಎಕ್ಸ್’ ಎಂಬ ಫಲನದ ಅವಕಲನವನ್ನು, ಅಂದರೆ ಎಕ್ಸ್ ಬದಲಾದಂತೆ ಅದರ ಬೆಲೆ ಬದಲಾಗುವ ದರವನ್ನು, ಕಂಡುಹಿಡಿಯುವಾಗ (ಇ ಎಂದರೆ ಸುಮಾರು 2.718 ಎಂಬ ಸ್ಥಿರಸಂಖ್ಯೆ) ನೀನು, ಎಕ್ಸ್‌ನ ಅವಕಲನ ಒಂದು, ಇ ಘಾತ ಎಕ್ಸ್‌ನ ಅವಕಲನ ಅದೇ ಎಂದು ಎರಡನ್ನೂ ಗುಣಿಸಿ, ‘ಇ ಘಾತ ಎಕ್ಸ್’ ಎಂದಷ್ಟೇ ಉತ್ತರ ಬರೆದಿರುವೆ. ನಾಚಬೇಕಾಗಿಲ್ಲ, ಕಲನಶಾಸ್ತ್ರವನ್ನು ಕಟ್ಟಿದವರಲ್ಲಿ ಒಬ್ಬನಾದ ಲೈಬ್ನಿಟ್ಸ್ ಕೂಡ 1675ರ ನವೆಂಬರಿನಲ್ಲಿ ಅವಕಲನಗಳನ್ನು ಹೀಗೆ ಗುಣಿಸಬಹುದೇ ಎಂಬ ಪ್ರಶ್ನೆಯನ್ನು ತನ್ನ ಟಿಪ್ಪಣಿಯಲ್ಲಿ ಹಾಕಿಕೊಂಡು, ಹಾಗೆ ಗುಣಿಸುವುದು ಸಲ್ಲದೆಂದು ಕಂಡ ಮೇಲೆಯೇ ಸರಿಯಾದ ನಿಯಮಕ್ಕೆ ಬಂದನು.

ಎಡದಂಡೆ ಕಾಲುವೆಯ ಕೆಳಗಿನ ನಮ್ಮ ಗದ್ದೆಯಲ್ಲಿ 20 ಮೀಟರ್ ಉದ್ದ, 10 ಮೀಟರ್ ಅಗಲದ ಒಂದು ಮಡಿಯನ್ನು ನೆನೆದುಕೊ. ಗುಣಿಸುವ ಎರಡು ಫಲನಗಳು ಅದರ ಉದ್ದ ಅಗಲಗಳಿದ್ದಂತೆ, ಗುಣಲಬ್ಧವು ಅದರ ವಿಸ್ತೀರ್ಣವಿದ್ದಂತೆ. ಒಂದು ಉದ್ದದ ಬದುವನ್ನೂ ಒಂದು ಅಗಲದ ಬದುವನ್ನೂ ಒಂದೊಂದು ಮೀಟರ್ ಹೊರಗೆ ಸರಿಸಿದರೆ 200 ಚದರ ಮೀಟರ್ ಇದ್ದದ್ದು 231 ಆಗುತ್ತದೆ. ಹೆಚ್ಚಿದ 31ರಲ್ಲಿ ಒಂದು ಪಟ್ಟಿ 20, ಇನ್ನೊಂದು ಪಟ್ಟಿ 10, ಮೂಲೆಯ ತುಂಡು 1. ಬದು ಸರಿಸುವ ಅಳತೆ ಕಿರಿದಾದಷ್ಟೂ ಮೂಲೆಯ ತುಂಡು ಪಟ್ಟಿಗಳಿಗಿಂತ ಬೇಗ ಸೊರಗಿ ಲೆಕ್ಕದಿಂದಲೇ ಬಿದ್ದುಹೋಗುತ್ತದೆ. ಅವಕಲನಗಳನ್ನು ಗುಣಿಸಿದ ನೀನು ಆ ಮೂಲೆಯನ್ನು ಇಟ್ಟುಕೊಂಡು ಎರಡು ಪಟ್ಟಿಗಳನ್ನೂ ಬಿಟ್ಟುಕೊಟ್ಟಂತಾಯಿತು. (ನಿನ್ನ ಅಜ್ಜ ಇದನ್ನು ಕೇಳಿದ್ದರೆ ಗದ್ದೆಯ ಕಡೆಗೆ ನಿನ್ನನ್ನು ಬಿಡುತ್ತಿರಲಿಲ್ಲ.)

ಆದ್ದರಿಂದ ಒಂದನ್ನು ಇದ್ದಂತೆಯೇ ಇರಿಸಿ ಇನ್ನೊಂದರ ಅವಕಲನದಿಂದ ಗುಣಿಸು, ಬಳಿಕ ಸರದಿ ಬದಲಿಸಿ ಹಾಗೆಯೇ ಮಾಡಿ, ಎರಡನ್ನೂ ಕೂಡಿಸು: ಇ ಘಾತ ಎಕ್ಸ್, ಅದಕ್ಕೆ ಎಕ್ಸ್ ಗುಣಿಲೆ ಇ ಘಾತ ಎಕ್ಸ್. ಇ ಘಾತ ಎಕ್ಸ್ ಎಂದಿಗೂ ಸೊನ್ನೆಯಾಗುವುದಿಲ್ಲ. ಅದನ್ನು ಹೊರಗೆ ತೆಗೆದರೆ ಆವರಣದಲ್ಲಿ ಉಳಿಯುವುದು ಒಂದು ಮತ್ತು ಎಕ್ಸ್‌ನ ಮೊತ್ತ ಮಾತ್ರ. ಆ ಮೊತ್ತ ಸೊನ್ನೆಯಾಗುವ ಕಡೆ, ಅಂದರೆ ಎಕ್ಸ್ ಮೈನಸ್ ಒಂದಾದಾಗ, ಫಲನವು ಕನಿಷ್ಠ ಬೆಲೆಗೆ ಇಳಿಯುವುದೂ ಅಲ್ಲಿಂದಲೇ ತಿಳಿಯುತ್ತದೆ.

ಇನ್ನೂ ಸಂಶಯವಿದ್ದರೆ ಇ ಘಾತ ಎಕ್ಸ್ ಅನ್ನು ಅದರಿಂದಲೇ ಗುಣಿಸು. ಸಿಗುವುದು ಇ ಘಾತ ಎರಡು ಎಕ್ಸ್. ಘಾತದಲ್ಲಿರುವ ಎರಡನ್ನು ಗುಣಕವಾಗಿ ಹೊರಗೆ ತರುವ ಸರಪಳಿ ನಿಯಮದ ಪ್ರಕಾರ ಅದರ ಅವಕಲನ ಅದರ ಎರಡರಷ್ಟು. ನಿನ್ನ ದಾರಿಯಲ್ಲಿ ಬರುವುದು ಆ ಸರಿಯಾದ ಉತ್ತರದ ಅರ್ಧ.

ಎರಡರ ಘಾತ ಎಕ್ಸ್ ಬಂದಲ್ಲಿ ಅದರ ಅವಕಲನಕ್ಕೆ ಎರಡರ ಸ್ವಾಭಾವಿಕ ಲಾಗರಿದಮ್ (ಇ ಯನ್ನು ಯಾವ ಘಾತಕ್ಕೆ ಏರಿಸಿದರೆ ಎರಡು ಸಿಗುವುದೋ ಆ ಸಂಖ್ಯೆ), ಅಂದರೆ ಸುಮಾರು 0.693, ಗುಣಕವಾಗಿ ಸೇರುವುದನ್ನು ಮರೆಯಬೇಡ.

ಎಕ್ಸ್ ವರ್ಗ ಗುಣಿಲೆ ಇ ಘಾತ ಮೂರು ಎಕ್ಸ್ ಅನ್ನು ಬಿಡಿಸಿ, ರಾಯಚೂರಿನಿಂದ ಭಾನುವಾರ ಬರುವಾಗ ತೆಗೆದುಕೊಂಡು ಬಾ. ಘಾತದಲ್ಲಿರುವ ಮೂರು ಎರಡನೆಯ ಪಟ್ಟಿಯಲ್ಲಿ ಕಾಣಬೇಕು. ನೋಟುಬುಕ್ಕನ್ನು ಆಗಲೇ ಕೊಡುತ್ತೇನೆ.

ಇಂತಿ,
ನಿನ್ನ ಸೋದರಮಾವ